ಮನೆತುಂಬ ನಾಯಿಗಳು: ಎಲ್ಲವೂ ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಮನೆಯಲ್ಲಿ ಈಗ ನಾಲ್ಕು ನಾಯಿಗಳಿವೆ. ಹನ್ನೆರಡು ತುಂಬಿದ ಕರಿಯ, ನಡುವಯಸ್ಸಿನ ಬೆಳ್ಳಿ ಮತ್ತು ಗುಂಡ, ಇನ್ನೂ ವರ್ಷ ತುಂಬದ ಪುಟ್ಟಿ. ಮಧ್ಯಾಹ್ನ ನಾಲ್ಕೂ ಕಾಲು ಚಾಚಿ ಮಲಗಿ ಗೊರಕೆ ಹೊಡೆಯುವಾಗ ಆ ಕೋಣೆಯಿಂದ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ.

ಮನೆಗೆ ಬಂದವರು, "ಒಂದು ಸಾಕಿದರೂ ಅಷ್ಟೇ, ನಾಲ್ಕು ಸಾಕಿದರೂ ಅಷ್ಟೇ ಅಲ್ವಾ?" ಅಂತ ಕೇಳುತ್ತಾರೆ. ಅಷ್ಟೇ ಅಲ್ಲ. ಎರಡು ನಾಯಿ ಇದ್ದರೆ ಒಂದು ಜೋಡಿ. ಮೂರಾದರೆ ಮೂರು ಜೋಡಿ. ನಾಲ್ಕಾದರೆ ಆರು. ಒಂದೊಂದು ಜೋಡಿಯ ನಂಟೂ ಬೇರೆ ಬೇರೆ. ಕರಿಯನಿಗೂ ಬೆಳ್ಳಿಗೂ ಹೊಂದಿಕೊಂಡಿತು ಅಂದ ಮಾತ್ರಕ್ಕೆ ಬೆಳ್ಳಿಗೂ ಪುಟ್ಟಿಗೂ ಹೊಂದಬೇಕು ಅಂತೇನಿಲ್ಲ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾಗಿರುವುದು ಒಂದೇ ಮಾತು: ನಾಯಿಗಳು ಒಟ್ಟಿಗೆ ಚೆನ್ನಾಗಿರಬೇಕಾದರೆ ಪ್ರತಿಯೊಂದಕ್ಕೂ ಬೇರೆಯಾಗಿ ಇರಲು ಸ್ವಲ್ಪ ಜಾಗ, ಸ್ವಲ್ಪ ಹೊತ್ತು ಸಿಗಬೇಕು. ಕೆಳಗೆ ಬರೆದಿರುವುದೆಲ್ಲ ಅದನ್ನು ಮಾಡಿಕೊಡುವ ದಾರಿಗಳು.

ಇನ್ನೊಂದನ್ನು ತರುವ ಮೊದಲು

ಮೊದಲು ಈಗಿರುವ ನಾಯಿಯನ್ನು ಗಮನಿಸಿ. ಬೇರೆ ನಾಯಿ ಎದುರಾದರೆ ಅದು ಮೈ ಸಡಿಲ ಬಿಟ್ಟು, ಮೂಸಿ, ಮುಂದೆ ಹೋಗುತ್ತದಾ? ಇಲ್ಲ, ಬೆಲ್ಟು ಎಳೆದುಕೊಂಡು ಬೊಗಳುತ್ತದಾ? "ಪಾಪ, ಒಂಟಿಯಾಗಿದೆ, ಜೊತೆಗೊಂದು ಇರಲಿ" ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಜೊತೆ ಬೇಡದ ನಾಯಿಗಳೂ ಇವೆ. ಅಂಥ ನಾಯಿಗೆ ಬೇಕಾಗಿರುವುದು ನಿಮ್ಮ ಹೊತ್ತು, ಇನ್ನೊಂದು ನಾಯಿ ಅಲ್ಲ.

ಮೊದಲನೆಯದಕ್ಕೆ ಬಾಗಿಲ ಬಳಿ ಬೊಗಳುವುದು, ಒಂಟಿಯಾಗಿ ಬಿಟ್ಟರೆ ಅಳುವುದು ಇಂಥ ತೊಂದರೆ ಇದ್ದರೆ ಅದನ್ನು ಸರಿಪಡಿಸಿ, ಆಮೇಲೆ ಎರಡನೆಯದನ್ನು ತನ್ನಿ. ಹೊಸದು ಬಂದು ಹಳೆಯದನ್ನು ತಿದ್ದುವುದಿಲ್ಲ. ಹಳೆಯದರ ಪಕ್ಕ ನಿಂತು ತಾನೂ ಬೊಗಳಲು ಕಲಿಯುತ್ತದೆ.

ಗಂಡೋ ಹೆಣ್ಣೋ ಅಂತ ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು ಇದ್ದರೆ ಸುಲಭ. ಒಂದೇ ಮನೆಯ ನಾಯಿಗಳ ನಡುವೆ ಬೆಳೆಯುವ ದೊಡ್ಡ ಜಗಳಗಳು ಜಾಸ್ತಿ ಕಾಣುವುದು ಗಂಡು-ಗಂಡು ಅಥವಾ ಹೆಣ್ಣು-ಹೆಣ್ಣು ಜೋಡಿಗಳಲ್ಲಿ. ಅದರಲ್ಲೂ ಬೆಳೆದ ಎರಡು ಹೆಣ್ಣುಗಳ ನಡುವೆ ಹಗೆ ಹುಟ್ಟಿದರೆ ಅದನ್ನು ಬಿಡಿಸುವುದು ಕಷ್ಟ. ಹಾಗಂತ ಇದೇ ಕಟ್ಟಳೆ ಅಲ್ಲ. ಬೆಳ್ಳಿ, ಪುಟ್ಟಿ ಎರಡೂ ಹೆಣ್ಣೇ, ಚೆನ್ನಾಗಿಯೇ ಇವೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರಬೇಡಿ. ನೋಡಲು ಮುದ್ದಾಗಿರುತ್ತದೆ, ನಿಜ. ಆದರೆ ಅವು ಒಂದಕ್ಕೊಂದು ಎಷ್ಟು ಅಂಟಿಕೊಳ್ಳುತ್ತವೆ ಅಂದರೆ, ನಿಮ್ಮ ಮಾತು ಅವುಗಳ ಕಿವಿಗೆ ಬೀಳುವುದೇ ಇಲ್ಲ. ಒಂದನ್ನು ಬಿಟ್ಟು ಇನ್ನೊಂದು ಹತ್ತು ನಿಮಿಷ ಇರಲಾರದು. ಈಗಾಗಲೇ ತಂದಿದ್ದರೆ ದಿನವೂ ಬೇರೆ ಬೇರೆ ವಾಕಿಂಗ್, ಬೇರೆ ಬೇರೆ ಕಲಿಕೆ, ಬೇರೆ ಬೇರೆ ನಿದ್ದೆ ಆಗಲೇಬೇಕು.

ಹೊಸ ನಾಯಿ ಮನೆಗೆ ಬರುವ ದಿನವೇ ಪಶುವೈದ್ಯರ ಬಳಿ ಹೋಗಿ ಬನ್ನಿ. ಎಲ್ಲಿಂದ ಬಂದಿದೆ ಅಂತ ಸರಿಯಾಗಿ ಗೊತ್ತಿಲ್ಲದಿದ್ದರೆ ಎರಡು ವಾರ ಬೇರೆ ಕೋಣೆಯಲ್ಲಿ ಇಡಿ. ಮರಿಗಳ ಜೀವಕ್ಕೇ ಕುತ್ತಾಗುವ ವಾಂತಿ-ಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಸೋಪಿಗೆ ಜಗ್ಗುವುದಿಲ್ಲ. ಮನೆಯಲ್ಲಿ ಲಸಿಕೆ ಮುಗಿಯದ ಮರಿ ಇದ್ದರೆ ಈ ಎರಡು ವಾರದ ಎಚ್ಚರ ಅದರ ಜೀವ ಉಳಿಸಬಹುದು.

ಮೊದಲ ಭೇಟಿ

ಇಲ್ಲಿ ಅವಸರ ಮಾಡಿದರೆ ಮುಂದಿನ ಆರು ತಿಂಗಳು ಅದನ್ನು ಸರಿಪಡಿಸುವುದರಲ್ಲೇ ಹೋಗುತ್ತದೆ. ಹೊಸ ನಾಯಿಯನ್ನು ಎತ್ತಿಕೊಂಡು ಸೀದಾ ನಡುಮನೆಗೆ ತಂದು, "ನೋಡು, ನಿನ್ನ ತಮ್ಮ ಬಂದಿದ್ದಾನೆ" ಅಂತ ಹಳೆಯದರ ಮೂತಿಗೆ ಹಿಡಿಯುವವರೇ ಹೆಚ್ಚು. ನಾನೂ ಗುಂಡನನ್ನು ಹಾಗೆಯೇ ತಂದಿದ್ದೆ. ಕರಿಯ ಆ ರಾತ್ರಿ ಊಟ ಮುಟ್ಟಲಿಲ್ಲ. ಅವನ ಮುಖ ಈಗಲೂ ನೆನಪಿದೆ. ಪುಟ್ಟಿ ಬರುವಾಗ ಹೀಗೆ ಮಾಡಿದೆವು.

ಮೊದಲು ವಾಸನೆ. ಹೊಸ ನಾಯಿ ಮಲಗಿದ ಬಟ್ಟೆಯನ್ನು ಮನೆಗೆ ತಂದು ನೆಲದ ಮೇಲೆ ಹಾಕಿದೆವು. ಮೂಸಲಿ, ಬಿಡಲಿ, ಅವುಗಳಿಷ್ಟ. ನಾಯಿಗೆ ಪರಿಚಯ ಅಂದರೆ ಮೂಗು.

ಆಮೇಲೆ ಮನೆಯ ಹೊರಗೆ, ಯಾವ ನಾಯಿಯೂ ತನ್ನದು ಅಂದುಕೊಳ್ಳದ ಬಯಲಿನಲ್ಲಿ ಭೇಟಿ. ಒಂದು ನಾಯಿಗೆ ಒಬ್ಬರು ಹಿಡಿದುಕೊಳ್ಳಬೇಕು. ಎದುರುಬದುರು ನಿಲ್ಲಿಸಬೇಡಿ. ಹದಿನೈದು ಇಪ್ಪತ್ತು ಹೆಜ್ಜೆ ದೂರ ಬಿಟ್ಟು, ಒಂದೇ ದಿಕ್ಕಿಗೆ ಅಕ್ಕಪಕ್ಕ ನಡೆಯಿರಿ. ಹಗ್ಗ ಸಡಿಲವಾಗಿರಲಿ. ನೀವು ಬಿಗಿ ಹಿಡಿದರೆ ನಿಮ್ಮ ಗಾಬರಿ ಆ ಹಗ್ಗದಲ್ಲೇ ಇಳಿದು ನಾಯಿಗೆ ಮುಟ್ಟುತ್ತದೆ. ಎರಡೂ ನೆಲ ಮೂಸುತ್ತಾ, ಮೈ ಕೊಡವಿಕೊಳ್ಳುತ್ತಾ ಹಾಯಾಗಿ ನಡೆಯುತ್ತಿವೆ ಅಂತ ಕಂಡಾಗ ಮಾತ್ರ ದೂರವನ್ನು ಚೂರು ಚೂರೇ ಕಡಿಮೆ ಮಾಡಿ.

ಹತ್ತಿರ ಬಂದಾಗ ಒಂದು ಸುತ್ತು ಬಳಸಿ ಬರಲಿ, ಹಿಂದಿನಿಂದ ಮೂಸಲಿ. ಮೂರು ನಾಲ್ಕು ಸೆಕೆಂಡು ಸಾಕು. "ಬಾ" ಅಂತ ನಗುಮುಖದಿಂದ ಕರೆದು ಎರಡಕ್ಕೂ ಬೇರೆ ಬೇರೆ ಕಡೆ ಒಂದೊಂದು ತಿನಿಸಿನ ಚೂರು ಕೊಡಿ. ಮತ್ತೆ ನಡೆಯಿರಿ. ಈ ಮೂರು ಸೆಕೆಂಡಿನ ಭೇಟಿ ಹತ್ತು ಸಲ ಆಗಲಿ, ಒಂದೇ ಸಲಕ್ಕೆ ಐದು ನಿಮಿಷ ಬೇಡ. ಒಂದು ನಾಯಿ ಕಲ್ಲಿನಂತೆ ನಿಂತು ಕಣ್ಣು ಕೀಲಿಸಿದರೆ, ಬಾಲ ಕೋಲಿನಂತೆ ಮೇಲೆತ್ತಿ ನಡುಗಿಸಿದರೆ, ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ನಾಳೆ ಇದೆ. ಮನೆಯಲ್ಲಿ ಮೂರು ನಾಯಿ ಇದ್ದರೆ ಮೂರಕ್ಕೂ ಒಂದೊಂದಾಗಿ ಪರಿಚಯ ಮಾಡಿಸಬೇಕು. ಗುಂಪಾಗಿ ಮೇಲೆ ಬಿಟ್ಟರೆ ಹೊಸದು ನಡುಗಿಹೋಗುತ್ತದೆ.

ಮನೆಯೊಳಗೆ ಬರುವಾಗ ಆಟದ ಸಾಮಾನು, ಬಟ್ಟಲು, ಮೂಳೆ ಎಲ್ಲ ಎತ್ತಿಟ್ಟಿರಿ. ಹೊಸದು ಮೊದಲು ಒಳಗೆ ಬಂದು ಸುತ್ತಾಡಿ ಮೂಸಲಿ. ಆಮೇಲೆ ಹಳೆಯವು ಒಂದೊಂದಾಗಿ ಬರಲಿ.

ಮೊದಲ ಒಂದು ತಿಂಗಳು

ಕೋಣೆಗಳ ನಡುವೆ ಹಾಕುವ ಅಡ್ಡಗೇಟು ಒಂದನ್ನು ಖಂಡಿತ ಕೊಂಡುಕೊಳ್ಳಿ. ಮಕ್ಕಳಿಗೆ ಹಾಕುತ್ತಾರಲ್ಲ, ಅದೇ. ನೋಡಬಹುದು, ಮೂಸಬಹುದು, ಮೈಮೇಲೆ ಬೀಳಲು ಆಗುವುದಿಲ್ಲ. ನಮ್ಮ ಮನೆಯ ಶಾಂತಿಯಲ್ಲಿ ಅರ್ಧ ಪಾಲು ಆ ಗೇಟಿನದು.

ನೀವು ಮನೆಯಲ್ಲಿ ಇಲ್ಲದಾಗ ಹೊಸದನ್ನೂ ಹಳೆಯವನ್ನೂ ಒಟ್ಟಿಗೆ ಬಿಡಬೇಡಿ. ಒಂದು ವಾರ ಚೆನ್ನಾಗಿದ್ದವು ಅಂದರೂ ಬೇಡ. ಮೊದಲ ದಿನಗಳಲ್ಲಿ ಹೊಸ ನಾಯಿ ಸುಮ್ಮನೆ ಮುದುಡಿಕೊಂಡಿರುತ್ತದೆ. ಅದರ ನಿಜವಾದ ಸ್ವಭಾವ ತೆರೆದುಕೊಳ್ಳಲು ವಾರಗಳೇ ಬೇಕು. ಹಾಗೆಯೇ ನಿದ್ದೆಯ ಲೆಕ್ಕವನ್ನೂ ನೋಡಿ. ಮರಿಗೆ ದಿನಕ್ಕೆ 18 ಗಂಟೆ ನಿದ್ದೆ ಬೇಕು. ಬೆಳೆದ ನಾಯಿಗೂ 12 ಗಂಟೆಯ ಹತ್ತಿರ ಬೇಕು. ಸಂಜೆ ಹೊತ್ತು ಮರಿ ಹುಚ್ಚೆದ್ದು ಎಲ್ಲರ ಕಿವಿ ಕಚ್ಚುತ್ತಿದೆ ಅಂದರೆ ಬಹಳ ಸಲ ಅದಕ್ಕೆ ನಿದ್ದೆ ಸಾಲದಾಗಿರುತ್ತದೆ. ಗೇಟಿನ ಆಚೆ ಮಲಗಿಸಿ.

ಊಟದ ಹೊತ್ತು

ಎಲ್ಲಕ್ಕೂ ಸಾಲಾಗಿ ತಟ್ಟೆ ಇಟ್ಟು, ಎಲ್ಲವೂ ಒಟ್ಟಿಗೆ ತಿನ್ನುವ ಚಿತ್ರ ಚಂದ. ಆದರೆ ನಾಯಿಗೆ ಊಟ ಅಂದರೆ ಪಂಕ್ತಿ ಅಲ್ಲ. ಒಂದರ ಬೆನ್ನು ಒಂದಕ್ಕೆ ಇರುವ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಮೂಲೆ ಮಾಡಿ. ಸಾಧ್ಯವಾದರೆ ಒಂದೊಂದು ಕೋಣೆ. ಕಾಲು ಗಂಟೆ ಆದ ಮೇಲೆ, ನಾಯಿಗಳು ಅಲ್ಲಿಂದ ಎದ್ದು ಹೋದ ಮೇಲೆ, ಬಟ್ಟಲು ಎತ್ತಿಬಿಡಿ. ಇದರಲ್ಲಿ ಇನ್ನೊಂದು ಲಾಭ ಇದೆ. ಯಾವುದು ಎಷ್ಟು ತಿಂದಿತು ಅಂತ ಗೊತ್ತಾಗುತ್ತದೆ. ಊಟ ಬಿಡುವುದು ಬಹಳಷ್ಟು ಕಾಯಿಲೆಗಳ ಮೊದಲ ಸುಳಿವು. ಎಲ್ಲರೂ ಎಲ್ಲರ ತಟ್ಟೆಗೆ ಬಾಯಿ ಹಾಕುವ ಮನೆಯಲ್ಲಿ ಆ ಸುಳಿವು ಸಿಗುವುದೇ ಇಲ್ಲ.

ಗಬಗಬನೆ ನುಂಗುವ ನಾಯಿಗೆ ಉಬ್ಬುತಗ್ಗಿನ ಬಟ್ಟಲು ಕೊಡಿ. ದಿನಕ್ಕೆ ಒಂದೇ ದೊಡ್ಡ ಊಟದ ಬದಲು ಎರಡು ಸಲ ಹಾಕಿ. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇದೆ. ಹೊಟ್ಟೆ ಉಬ್ಬಿ, ವಾಂತಿ ಬಂದ ಹಾಗೆ ಮಾಡಿಯೂ ಏನೂ ಬಾರದೆ, ನಾಯಿ ಚಡಪಡಿಸುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನೀರಿನ ಬಟ್ಟಲು ನಾಯಿಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಬೇರೆ ಬೇರೆ ಜಾಗದಲ್ಲಿರಲಿ. ಮಲಗುವ ಹಾಸಿಗೆಗೂ ಇದೇ ಲೆಕ್ಕ.

ಈಗ ಗುರ್ ಅನ್ನುವ ವಿಷಯ. ತಟ್ಟೆಯ ಬಳಿ ಇನ್ನೊಂದು ಬಂದಾಗ ನಾಯಿ ಮೊದಲು ತಿನ್ನುವುದನ್ನು ನಿಲ್ಲಿಸಿ ಮೈ ಬಿಗಿ ಮಾಡುತ್ತದೆ. ಇಲ್ಲವೇ ಇನ್ನೂ ಬೇಗ ಬೇಗ ತಿನ್ನುತ್ತದೆ. ತಲೆ ಎತ್ತದೆ ಓರೆಗಣ್ಣಿನಿಂದ ನೋಡುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ. ತುಟಿ ಎತ್ತುತ್ತದೆ. ಆಮೇಲೆ ಗುರ್ ಅನ್ನುತ್ತದೆ. ಅಂದರೆ ಗುರ್ ಅನ್ನುವ ಹೊತ್ತಿಗೆ ಅದು ನಾಲ್ಕು ಸಲ ಕೇಳಿಕೊಂಡಾಗಿದೆ. ಅದಕ್ಕೆ ದಯವಿಟ್ಟು ಗದರಿಸಬೇಡಿ, ಹೊಡೆಯಬೇಡಿ. ಗುರ್ ಅನ್ನುವುದು ನಾಯಿಯ ಮಾತು. "ದೂರ ಹೋಗು" ಅಂತ ಬಾಯಿಬಿಟ್ಟು ಹೇಳುತ್ತಿದೆ. ಆ ಮಾತಿಗೆ ಏಟು ಬಿದ್ದರೆ ನಾಯಿ ಮಾತು ಬಿಡುತ್ತದೆ, ಕೋಪ ಬಿಡುವುದಿಲ್ಲ. ಮುಂದೆ ಸೀದಾ ಕಚ್ಚುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಬಂದ ನಾಯಿಯನ್ನು ಕರೆದುಕೊಳ್ಳಿ, ನಾಳೆಯಿಂದ ಎರಡರ ನಡುವಿನ ದೂರ ಹೆಚ್ಚಿಸಿ. ಹೊತ್ತುಗಟ್ಟಲೆ ಅಗಿಯುವ ಮೂಳೆ, ಚರ್ಮದ ತುಂಡು ಇಂಥವನ್ನು ಯಾವಾಗಲೂ ಬಾಗಿಲು ಹಾಕಿದ ಕೋಣೆಯಲ್ಲಿ, ಒಂದೊಂದಕ್ಕೇ ಕೊಡಿ.

ಆಟವೋ, ಜಗಳವೋ?

ಆಟದಲ್ಲಿ ಮೈ ಬಳುಕುತ್ತದೆ. ಮುಂಗಾಲು ಚಾಚಿ, ಹಿಂಭಾಗ ಎತ್ತಿ ಬಾಗುತ್ತವೆ. ಅಟ್ಟಿಸುವವರು ಬದಲಾಗುತ್ತಾರೆ. ಈಗ ಗುಂಡ ಓಡಿಸಿದರೆ ಆಮೇಲೆ ಪುಟ್ಟಿ. ದೊಡ್ಡದು ಬೇಕಂತಲೇ ಕೆಳಗೆ ಬಿದ್ದು ಚಿಕ್ಕದಕ್ಕೆ ಗೆಲ್ಲಲು ಬಿಡುತ್ತದೆ. ನಡುನಡುವೆ ನಿಂತು ಉಸಿರು ತಗೊಳ್ಳುತ್ತವೆ. ಆಟದಲ್ಲೂ ಗುರ್ ಅನ್ನುವುದುಂಟು, ಅದಕ್ಕೆ ಹೆದರಬೇಡಿ.

ಅನುಮಾನ ಬಂದರೆ ಒಂದು ಸುಲಭದ ಪರೀಕ್ಷೆ ಇದೆ. ಜೋರು ಮಾಡುತ್ತಿರುವ ನಾಯಿಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಇನ್ನೊಂದು ತಾನಾಗಿ ವಾಪಸ್ ಬಂದು "ಬಾರೋ" ಅಂದರೆ ಅದು ಆಟ. ಬಾಲ ಮಡಿಚಿ ಮಂಚದ ಕೆಳಗೆ ಹೋದರೆ ಅದಕ್ಕೆ ಸಾಕಾಗಿದೆ.

ಜಗಳ ಹತ್ತಿದರೆ

ಸಾಮಾನ್ಯವಾಗಿ ಜಗಳ ಹತ್ತುವುದು ಇಕ್ಕಟ್ಟಿನ ಜಾಗದಲ್ಲಿ, ಎಲ್ಲರೂ ಉಬ್ಬಿದ ಹೊತ್ತಿನಲ್ಲಿ. ಕಾಲಿಂಗ್ ಬೆಲ್ ಆಗುತ್ತದೆ, ನಾಲ್ಕೂ ಬಾಗಿಲಿಗೆ ನುಗ್ಗುತ್ತವೆ, ಒಂದರ ಭುಜ ಇನ್ನೊಂದಕ್ಕೆ ತಾಗುತ್ತದೆ, ಮುಗಿಯಿತು. ಆದ್ದರಿಂದ ಬೆಲ್ ಆದ ಕೂಡಲೇ ಎಲ್ಲವೂ ಹಿಂದಿನ ಕೋಣೆಗೆ ಓಡಿ ಹೋಗಿ ತಿನಿಸು ಪಡೆಯುವ ಅಭ್ಯಾಸ ಮಾಡಿಸಿ. ಮನೆಯವರೇ ದಿನಕ್ಕೆ ನಾಲ್ಕು ಸಲ ಬೆಲ್ ಒತ್ತಿ ಕಲಿಸಬಹುದು.

ಜಗಳ ಶುರುವಾಗಿಯೇಬಿಟ್ಟರೆ ಕೊರಳಿಗೆ, ಮೂತಿಗೆ ಕೈ ಹಾಕಬೇಡಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಬೆಳ್ಳಿ, ಗುಂಡ ಹಿಡಿದುಕೊಂಡ ಆ ಸಂಜೆ ನಾನು ನಡುವೆ ಕೈ ಹಾಕಿದೆ. ಬೆಳ್ಳಿಯ ಹಲ್ಲು ನನ್ನ ಅಂಗೈ ಹೊಕ್ಕಿತು. ಅವಳಿಗೆ ಅದು ನನ್ನ ಕೈ ಅಂತ ಗೊತ್ತಾಗಲೂ ಇಲ್ಲ. ಪಾತ್ರೆ ಬಡಿದು ದೊಡ್ಡ ಸದ್ದು ಮಾಡಿ. ಬಕೆಟ್ ನೀರು ಎರಚಿ. ದಪ್ಪ ಕಂಬಳಿ ಮೇಲೆ ಎಸೆಯಿರಿ. ಕುರ್ಚಿ, ಹಲಗೆ, ಚಾಪೆ ಏನು ಸಿಕ್ಕಿದರೂ ನಡುವೆ ತೂರಿಸಿ. ಇಬ್ಬರಿದ್ದು ಬೇರೆ ದಾರಿಯೇ ಇಲ್ಲದಿದ್ದರೆ, ಒಬ್ಬೊಬ್ಬರು ಒಂದೊಂದರ ಹಿಂಗಾಲುಗಳ ತೊಡೆ ಹಿಡಿದು ಹಿಂದಕ್ಕೆ ಸರಿಯಬಹುದು. ಇದರಲ್ಲೂ ನಾಯಿ ತಿರುಗಿ ಕಚ್ಚುವ ಅಪಾಯ ಇದೆ.

ಬಿಡಿಸಿದ ಮೇಲೆ ಬೇರೆ ಬೇರೆ ಕೋಣೆಗೆ ಹಾಕಿ. ಅವತ್ತೇ ರಾಜಿ ಮಾಡಿಸಲು ಹೋಗಬೇಡಿ. ಕೂದಲು ಸರಿಸಿ ಮೈ ಪೂರ್ತಿ ನೋಡಿ. ಕೋರೆಹಲ್ಲಿನ ಗಾಯ ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಆಳವಾಗಿರುತ್ತದೆ, ಎರಡು ದಿನಕ್ಕೆ ಕೀವು ತುಂಬುತ್ತದೆ. ವೈದ್ಯರಿಗೆ ತೋರಿಸಿ. ನಿಮಗೆ ಕಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಬಳಿ ಹೋಗಿ. ಮನೆಯ ನಾಯಿ ಅಂತ ಉದಾಸೀನ ಬೇಡ.

ಹೊಂದಿಕೊಂಡಿದ್ದ ನಾಯಿಗಳು ಇದ್ದಕ್ಕಿದ್ದಂತೆ ಕಚ್ಚಾಡತೊಡಗಿದರೆ ಮೊದಲು ನೋವನ್ನು ಹುಡುಕಿ. ಹಲ್ಲು, ಕಿವಿ, ಕೀಲು. ನೋವಿರುವ ನಾಯಿಗೆ ತಾಳ್ಮೆ ಇರುವುದಿಲ್ಲ.

"ಯಾರು ಯಜಮಾನ?" ಎಂಬ ಪ್ರಶ್ನೆ

ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯಿರಿ, ಆಗ ನೀವೇ ಯಜಮಾನ ಅಂತ ಅದಕ್ಕೆ ಗೊತ್ತಾಗುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಈ ನಂಬಿಕೆ ತೋಳಗಳಿಂದ ಬಂದದ್ದು. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಕೂಡಿಹಾಕಿದ ತೋಳಗಳ ಬಗ್ಗೆ ಬರೆದ. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಇಟ್ಟರೆ ಅವು ಮೇಲುಗೈಗಾಗಿ ಕಾದಾಡಿದ್ದು ಸಹಜ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಕಾಡಿನ ತೋಳಗಳ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಅಲ್ಲಿ ದೊಡ್ಡವರು ದಾರಿ ತೋರಿಸುತ್ತಾರೆ, ಅಷ್ಟೇ.

ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ಮನೆಯಲ್ಲಿ ಯಾವ ನಾಯಿ ದೊಡ್ಡಣ್ಣ ಅಂತ ಹುಡುಕಿ ಅದಕ್ಕೇ ಮೊದಲು ಊಟ, ಮೊದಲು ಮುದ್ದು ಅಂತ ಪಟ್ಟ ಕಟ್ಟುವ ಅಗತ್ಯ ಇಲ್ಲ. ಬೆಳ್ಳಿಗೆ ಕಿಟಕಿ ಪಕ್ಕದ ಜಾಗ ಬೇಕು, ಗುಂಡನಿಗೆ ಚೆಂಡು ಬೇಕು. ಯಾರಿಗೆ ಯಾವುದು ಪ್ರೀತಿ ಅಂತ ತಿಳಿದುಕೊಂಡು, ಅದು ಎಲ್ಲರಿಗೂ ಸಾಕಾಗುವ ಹಾಗೆ ನೋಡಿಕೊಂಡರೆ ಆಯಿತು.

ಕಲಿಸುವುದು, ಸುತ್ತಾಡಿಸುವುದು

ಗುಂಪಿಗೆ ಪಾಠ ಹೇಳಬೇಡಿ. ಒಂದು ಕಲಿಯುವಾಗ ಉಳಿದವು ಗೇಟಿನ ಆಚೆ ಇರಲಿ. ದಿನಕ್ಕೆ ಐದೈದು ನಿಮಿಷ ಸಾಕು. ಮೊದಲ ಪಾಠ ಹೆಸರು. ಹೆಸರು ಕರೆದ ನಾಯಿಗೆ ಮಾತ್ರ ತಿನಿಸು ಸಿಗಬೇಕು. ಸುಮ್ನೆ ಕೂತ ಉಳಿದವುಗಳಿಗೂ ಅವುಗಳ ಹೆಸರು ಬಂದಾಗ ಸಿಗುತ್ತದೆ. ತನ್ನ ಸರದಿ ಬಂದೇ ಬರುತ್ತದೆ ಅಂತ ಗೊತ್ತಾದ ನಾಯಿ ನುಗ್ಗುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಹಿಡಿದು ರಸ್ತೆಗೆ ಇಳಿಯಬೇಡಿ. ಒಂದು ಬೆಕ್ಕು ಅಡ್ಡ ಬಂದರೆ ನಿಮ್ಮ ಭುಜ ಉಳಿಯುವುದಿಲ್ಲ. ಎರಡೆರಡು ಸಾಕು. ವಾರದಲ್ಲಿ ಒಂದೆರಡು ಸಲ ಒಂದನ್ನೇ ಕರೆದುಕೊಂಡು ಹೋಗಿ, ಎಷ್ಟು ಹೊತ್ತು ಬೇಕೋ ಅಷ್ಟು ಮೂಸಲು ಬಿಡಿ. ಒಂಟಿಯಾಗಿ ಬಂದಾಗ ನಾಯಿ ಬೇರೆಯೇ ಆಗಿರುತ್ತದೆ. ಮನೆಯಲ್ಲಿ ಮೂಲೆ ಹಿಡಿಯುವ ಬೆಳ್ಳಿ ಒಬ್ಬಳೇ ಬಂದಾಗ ಕುಣಿಯುತ್ತಾಳೆ.

ಆರೋಗ್ಯದ ಲೆಕ್ಕ

ಒಂದೊಂದು ನಾಯಿಗೆ ಒಂದೊಂದು ನೋಟ್‌ಬುಕ್ ಇಡಿ. ಲಸಿಕೆ, ಜಂತುಹುಳದ ಔಷಧಿ, ತೂಕ, ಬೆದೆಗೆ ಬಂದ ದಿನ ಎಲ್ಲ ಬರೆಯಿರಿ. ತೂಕ ನೋಡಲು ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ಸಾಮಾನ್ಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗಿಂತ ಹೆಚ್ಚು, ಹಾಗಾಗಿ ಕೈಗೆ ಬಿಸಿ ತಾಗಿದರೆ ಜ್ವರ ಅಂತಲ್ಲ.

ಉಣುಗು, ಚಿಗಟ, ಜಂತುಹುಳಕ್ಕೆ ಎಲ್ಲ ನಾಯಿಗಳಿಗೂ ಒಂದೇ ದಿನ ಔಷಧಿ ಹಾಕಿ. ಒಂದಕ್ಕೆ ಬಿಟ್ಟರೂ ಅದರಿಂದ ಮತ್ತೆ ಎಲ್ಲಕ್ಕೂ ಹರಡುತ್ತದೆ. ಅಳತೆ ಮಾತ್ರ ಒಂದೊಂದರ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದಷ್ಟೇ. ಹೆಣ್ಣು ಉಣುಗು ನಾಯಿಯ ಮೈಯಿಂದ ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಮೂಲೆಗಳನ್ನೂ ಚೊಕ್ಕ ಮಾಡಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಅಂಗಳದಲ್ಲಿ ಭೇದಿ ಕಂಡಿತು, ಯಾರದು ಅಂತ ಗೊತ್ತಿಲ್ಲ. ಇದು ಬಹಳ ನಾಯಿ ಇರುವ ಮನೆಯ ದಿನನಿತ್ಯದ ಒಗಟು. ಅನುಮಾನ ಇರುವ ನಾಯಿಯ ಊಟಕ್ಕೆ ಮಾತ್ರ ಒಂದು ಚಮಚ ತುರಿದ ಹಸಿ ಕ್ಯಾರೆಟ್ ಸೇರಿಸಿ. ಅದು ಪೂರ್ತಿ ಅರಗದೆ ಕೆಂಪಗೆ ಹೊರಬರುತ್ತದೆ, ಗುರುತು ಸಿಗುತ್ತದೆ.

ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಅದು ಮೂರು ವಾರದ ಹತ್ತಿರ ಇರುತ್ತದೆ. ಆ ದಿನಗಳಲ್ಲಿ ಗಂಡುಗಳ ನಡುವೆ ಜಗಳ ಏಳುತ್ತದೆ. ಮರಿ ಬೇಡ ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರ ಜೊತೆ ಮಾತಾಡಿ. ಮಾಡಿಸದ ಹೆಣ್ಣಿಗೆ ಬೆದೆ ಮುಗಿದ ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ನೀರು ಜಾಸ್ತಿ ಕುಡಿಯುತ್ತಾ ಊಟ ಬಿಟ್ಟರೆ ಅದೇ ದಿನ ತೋರಿಸಿ.

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ (ಸಕ್ಕರೆಯ ಬದಲು ಬಳಸುವ ಪದಾರ್ಥ) ಹಾಕಿದ ಸಿಹಿ, ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷ. ಒಂದು ಮೇಜಿನಿಂದ ಬೀಳಿಸುತ್ತದೆ, ಇನ್ನೊಂದು ನುಂಗುತ್ತದೆ. ಎತ್ತರದಲ್ಲಿಡಿ, ಬಾಗಿಲು ಹಾಕಿಡಿ.

ಮುದಿ ನಾಯಿಗೆ

ಕರಿಯನಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹಿಂಗಾಲಿನ ಕೀಲು ನೋಯುತ್ತದೆ. ನಿದ್ದೆಯಲ್ಲಿ ಯಾರಾದರೂ ತಾಗಿದರೆ ಬೆಚ್ಚಿ ಹಲ್ಲು ತೋರಿಸುತ್ತಾನೆ. ಅದಕ್ಕೆ ಅವನ ಹಾಸಿಗೆಯನ್ನು ಓಡಾಟದ ದಾರಿಯಿಂದ ಸರಿಸಿ, ಮೂರು ಕಡೆ ಮರೆ ಇರುವ ಮೂಲೆಗೆ ಹಾಕಿದ್ದೇವೆ. ನೆಲ ಜಾರದಂತೆ ಅಲ್ಲಿಯವರೆಗೂ ಚಾಪೆ ಹಾಸಿದ್ದೇವೆ. ನೀರು ಎರಡು ಹೆಜ್ಜೆಯಲ್ಲೇ ಇದೆ. ಅಡ್ಡಗೇಟು ಈಗ ಪುಟ್ಟಿಗಿಂತ ಅವನಿಗೇ ಹೆಚ್ಚು ಬೇಕು. ವಾಕಿಂಗ್‌ಗೆ ಅವನು ಎಲ್ಲರ ಜೊತೆ ಬರಲಾರ. ಹಾಗಾಗಿ ಉಳಿದವು ಹೋಗಿ ಬಂದ ಮೇಲೆ ಅವನೊಬ್ಬನನ್ನೇ ಹೊರಗೆ ಕರೆದುಕೊಂಡು ಹೋಗುತ್ತೇನೆ. ಗೇಟಿನ ಪಕ್ಕದ ಮರದವರೆಗೆ ನಡೆಯುತ್ತಾನೆ. ಅಲ್ಲಿ ನಿಂತು ಇವತ್ತು ಯಾರೆಲ್ಲ ಬಂದು ಹೋದರು ಅಂತ ನಿಧಾನವಾಗಿ ಮೂಸುತ್ತಾನೆ. ಸಾಕು ಅಂತ ಅವನೇ ತಿರುಗುವ ತನಕ ನಾನು ಹಗ್ಗ ಸಡಿಲ ಬಿಟ್ಟು ಪಕ್ಕದಲ್ಲಿ ನಿಂತಿರುತ್ತೇನೆ.